ರವೆ

ನಮ್ಮ ಒಸ್ತ್ರಾವಾದಲ್ಲಿ ಈ ರೋಗಕ್ಕೆ
ಅಡುಗೆಮನೆಯ ಹೆಸರು: ರವೆ.
ಲ್ಯಾಟಿನ್ನಿನಲ್ಲಿ ಉದ್ದದ ಹೆಸರೊಂದಿದೆಯಂತೆ,
ಕ್ವೆತೊಸ್ಲಾವ್ ಅದನ್ನು ಬಾಯಿಗೆ ತಂದವನಲ್ಲ.
ಇಪ್ಪತ್ತಾರು ವರ್ಷ ಗಣಿಯೊಳಗೆ,
ಈಗ ಮತ್ತೆ ನೆಲದ ಕೆಳಗೇ:
ನಮ್ಮ ವಠಾರದ ನೆಲಮಾಳಿಗೆಯಲ್ಲಿ
ನಲವತ್ತು ಗಾಜಿನ ತೊಟ್ಟಿ, ಎಲ್ಲದರಲ್ಲೂ ನಿಯಾನ್ ಮೀನು.

ಹನ್ನೊಂದು ವರ್ಷದವಳು ನಾನು
ಸೌತೆ ಉಪ್ಪಿನಕಾಯಿಯ ಜಾಡಿ ಹಿಡಿದು ಇಳಿದೆ.
ಮುಚ್ಚಳಕ್ಕೆ ಇನ್ನೂ ಸಬ್ಬಸಿಗೆ ವಾಸನೆ.
ಒಳಗೊಂದು ಮೀನು, ಮೈಮೇಲೆ ಏಳು ಚುಕ್ಕಿ.
"ಏಳಲ್ಲ," ಎಂದ, ಟಾರ್ಚನ್ನು ಓರೆ ಹಿಡಿದು.
"ಹದಿಮೂರು. ರೆಕ್ಕೆಯ ಅಂಚು ನೋಡು.
ನೆಟ್ಟಗಿನ ಬೆಳಕು ಸುಳ್ಳು ಹೇಳುತ್ತದೆ."

ಕಲ್ಲಿಗೆ ಮೈ ಉಜ್ಜಿತೇ? ಉಜ್ಜಿತು.
ಯಾವಾಗಿಂದ? ಗುರುವಾರದಿಂದ.
ನೋಡಿ ಏನಂದುಕೊಂಡೆ?
ಆಟ ಆಡ್ತಿದೆ ಅಂದುಕೊಂಡೆ.
ಅವನು ನಗಲಿಲ್ಲ.
ಹೊಸದಾಗಿ ತಂದದ್ದೆಷ್ಟು? ನಾಲ್ಕು.
ಬೇರೆ ನೀರಲ್ಲಿ ಎಷ್ಟು ದಿನ ಇಟ್ಟಿದ್ದೆ?
ನಾನು ಬೂಟಿನ ಲೇಸು ನೋಡುತ್ತ ನಿಂತೆ.

"ಕೇಳಿಲ್ಲಿ, ರೊಜಾಲಿಯೆ.
ನಿನ್ನ ಕಣ್ಣಿಗೆ ಕಾಣುವ ಬಿಳಿಗೆ ಮದ್ದಿಲ್ಲ.
ಅದು ಚರ್ಮದಡಿ ಬಾಗಿಲು ಹಾಕಿಕೊಂಡು ಉಣ್ಣುತ್ತಿದೆ.
ಉಂಡು ದಪ್ಪಗಾಗಿ, ತಾನೇ ಕಳಚಿ
ತಳದ ಮರಳಿಗೆ ಬೀಳುತ್ತದೆ.
ಆಗ ಮೀನು ಥಳಥಳ. ಜನ ಹಬ್ಬ ಮಾಡಿ
ಬಾಟಲಿಗೆ ಬಿರಡೆ ಒತ್ತುತ್ತಾರೆ.
ಮರಳಲ್ಲಿ ಒಂದು ಇದ್ದದ್ದು ನೂರಾಗಿ, ಇನ್ನೂರಾಗಿ,
ಒಡೆದು, ಮೈ ಹುಡುಕುತ್ತ ಈಜುತ್ತದೆ.
ಒಂದು ಮೈ ಬಿಟ್ಟು ಇನ್ನೊಂದು ಸಿಗದ ಆ ಹೊತ್ತು,
ಅಷ್ಟೇ ನಮ್ಮದು.
ಕಾಣದಾಗಲೇ ಹೊಡೆಯಬೇಕು."

ಟ್ರಾಮ್ ಟಿಕೆಟ್ಟಿನ ಹಿಂದೆ ಬರೆದುಕೊಟ್ಟ:
ಬಿಸಿ ಮೂವತ್ತಕ್ಕೆ ಏರಲಿ, ಎರಡು ದಿನ ಹಿಡಿಯಲಿ.
ಬೆಚ್ಚನೆ ನೀರಿಗೆ ಉಸಿರು ಕಮ್ಮಿ, ಪಂಪು ರಾತ್ರಿಯೂ ಓಡಲಿ.
ದಿನಾ ತಳದ ಕೊಳೆ ಹೀರು.
ಹಸಿರು ಮದ್ದು ಅರ್ಧವೇ ಅಳತೆ, ನಿಯಾನ್ ಪುಕ್ಕಲು ಜಾತಿ,
ಪೂರ್ತಿ ಹಾಕಿದರೆ ಮದ್ದಿಗೇ ಸಾಯುತ್ತದೆ.
ಫಿಲ್ಟರಿನ ಇದ್ದಿಲು ತೆಗೆ, ಮದ್ದನ್ನೆಲ್ಲ ಕುಡಿದುಬಿಡುತ್ತದೆ.
("ಇದ್ದಿಲಿನ ಬುದ್ಧಿ ನನಗೆ ಹೇಳಿಕೊಡಬೇಡ,"
ಎಂದು ತನಗೆ ತಾನೇ ಗೊಣಗಿದ.)
ಬಲೆ ಬೇರೆ, ಬಕೆಟ್ಟು ಬೇರೆ.

ಮೂರು ಸತ್ತವು.
ಬಾಲ್ಕನಿಯ ಜೆರೇನಿಯಂ ಕುಂಡದಲ್ಲಿ ಹೂತೆ.
ಬೆರಳು ಹಸಿರಾಗಿ, ಶಾಲೆಯಲ್ಲಿ
ಕೈ ಮೇಲೆತ್ತುವುದನ್ನೇ ಬಿಟ್ಟೆ.
ಅಮ್ಮ ಕರೆಂಟ್ ಬಿಲ್ಲಿಗೆ ಬೈದಳು,
ಶನಿವಾರ ಹಾಲಿನ ಗಂಜಿ ಬಡಿಸಿದಳು, ರವೆಯದು.
ತಟ್ಟೆ ತಳ್ಳಿದ್ದಕ್ಕೆ ಇನ್ನಷ್ಟು ಬೈದಳು.

ಆರನೇ ದಿನ ಒಂದೂ ಚುಕ್ಕಿ ಇಲ್ಲ.
ನಾಲ್ಕು ಮಹಡಿ ಓಡಿ ಇಳಿದೆ.
"ಬಿರಡೆ?" ಎಂದ, ತಿರುಗದೆಯೇ.
ಹಾಕಿಲ್ಲ ಅಂದೆ.
"ಇನ್ನೂ ಹತ್ತು ದಿನ."

ಮೂಲೆಯ ತೊಟ್ಟಿಯಲ್ಲಿ ಮೊಟ್ಟೆ ಇಟ್ಟಿದ್ದವು.
ನಿಯಾನ್ ಮೊಟ್ಟೆಗೆ ಬೆಳಕು ಆಗದು,
ಗಾಜಿಗೆ ತನ್ನ ಹಳೆಯ ಎಕ್ಸ್-ರೇಗಳನ್ನು ಅಂಟಿಸಿದ್ದ.
ಪಕ್ಕೆಲುಬು, ಪಕ್ಕೆಲುಬಿನ ನಡುವೆ ಕಪ್ಪು,
ಕಪ್ಪಿನೊಳಗೆ ಸಣ್ಣ ಸಣ್ಣ ಬಿಳಿ.
ಟಾರ್ಚು ತೆಗೆದು ಓರೆ ಹಿಡಿದೆ,
ಒಂಬತ್ತು, ಹತ್ತು, ಹದಿನೇಳರವರೆಗೆ ಹೋಗಿದ್ದೆ.

"ಅದು ಅಂಟುವುದಲ್ಲ," ಎಂದ.
"ಬೆಳಕು ಆರಿಸು, ಮೊಟ್ಟೆಗಳಿವೆ.
ಆ ಬಕೆಟ್ಟು ಕೊಡು. ಅದಲ್ಲ,
ಕೆಂಪು ಹಿಡಿಯದು."