ಕೆಂಪು ದೀಪ ಆರಿದ ಮೇಲೆ

ಸಕೆಲ್ಲಾರಿಸ್ ಮಾವ ಫೋನು ಮಾಡಿದ್ದು ಪ್ಸೆರಿಮೋಸ್ ಕೊಲ್ಲಿಯಿಂದ,
ಬೆಳಗಿನ ಐದೂವರೆಗೆ.
"ಇಂಜಿನ್ನು ಕೆಮ್ಮುವುದೂ ಇಲ್ಲ, ಥೆಮೆಲಿನಾ.
ಕೀಲಿ ತಿರುವಿದರೆ ಬರೀ ಒಂದು ಟಿಕ್."
ನನಗೆ ಗೊತ್ತಿತ್ತು. ರಾತ್ರಿಯಿಡೀ ಫ್ರಿಜ್ಜು
ಎರಡೂ ಬ್ಯಾಟರಿಗಳನ್ನು ಗಟಗಟ ಕುಡಿದು ಮುಗಿಸಿದೆ.
ಹೋದ ವಾರವೂ ಹೀಗೇ. ಅದರ ಹಿಂದಿನ ವಾರವೂ.

ಬೇರೆ ದೋಣಿಗೆ ಹಗ್ಗ ಕಟ್ಟಿಸಿಕೊಂಡು
ಕಲಿಮ್ನೋಸ್ ಬಂದರಿಗೆ ಬಂದ,
ಮದುವೆಮನೆಯಿಂದ ಹೊತ್ತು ತಂದ ಕುಡುಕನ ಹಾಗೆ
ಯಾರ ಮುಖವನ್ನೂ ನೋಡದೆ.
"ರಾತ್ರಿ ಆರಿಸಿ ಮಲಗಬಾರದೆ?" ಅಂದೆ.
ಬಲೆಯ ಗಂಟು ಬಿಡಿಸುತ್ತ ಕೂತ.
ಆ ಬಲೆಯಲ್ಲಿ ಗಂಟೇ ಇರಲಿಲ್ಲ.

ಲೇರೋಸಿನ ದೋಣಿಕಟ್ಟೆಯಲ್ಲಿ ಆರು ವರ್ಷ
ಸಾಹುಕಾರರ ನೌಕೆಗಳ ಹೊಟ್ಟೆಯೊಳಗೆ
ತಲೆಕೆಳಗಾಗಿ ಕೆಲಸ ಕಲಿತವಳು ನಾನು.
ಇಲ್ಲಿ ತಂತಿ ಎಳೆದವನು ಮಾವನೇ:
ನೀಲಿಗೆ ಕಂದು, ಕಂದಿಗೆ ಹಸಿರು,
ಎಲ್ಲದರ ಮೇಲೂ ಮೀನಿನ ಬುಟ್ಟಿಗೆ ಸುತ್ತುವ ಟೇಪು.

ರಿಲೇ ಅಂದರೆ ಏನು ಎಂದು ಕೇಳಿದ.
"ಬಾಗಿಲು ಕಾಯುವವನು, ಸಣ್ಣ ಸಂಬಳದವನು.
ಕಿವಿಗೆ ಸಣ್ಣ ತಂತಿ, ಕೈಯಲ್ಲಿ ದಪ್ಪ ತಂತಿ.
ಇಂಜಿನ್ನು ಗಳಿಸುತ್ತಿದೆ ಎಂದು ಕಿವಿಯಲ್ಲಿ ಉಸುರಿದರೆ
ಬಾಗಿಲು ತೆಗೆಯುತ್ತಾನೆ, ಫ್ರಿಜ್ಜು ಉಣ್ಣುತ್ತದೆ.
ಗಳಿಕೆ ನಿಂತರೆ ಮುಚ್ಚುತ್ತಾನೆ.
ಇಡುಗಂಟಿಗೆ ಕೈ ಹಾಕುವ ಹಾಗಿಲ್ಲ."

ಮೊದಲ ಸಲ ಕಿವಿಯ ತಂತಿಯನ್ನು ಕೀಲಿಗೇ ಕಟ್ಟಿಬಿಟ್ಟೆ.
ಕೀಲಿ ತಿರುವಿದ್ದೇ ತಡ ಫ್ರಿಜ್ಜು ಗೊರಗುಟ್ಟಿತು,
ಇಂಜಿನ್ನಿಗಿನ್ನೂ ಗಾಢ ನಿದ್ದೆ.
ಮಾವ ನಕ್ಕ.
ಅತ್ತೆ ಹೋದ ಮೇಲೆ ಅವನ ಮೊದಲ ನಗು
ನನ್ನ ತಪ್ಪಿಗೇ ಮೀಸಲಾಗಿತ್ತು.

ಬಿಚ್ಚಿದೆ. ಆಲ್ಟರ್ನೇಟರಿನ ಬೆನ್ನಿಗೆ ಕೈ ತೂರಿಸಿ,
ಗಿಣ್ಣಿನ ಚರ್ಮವನ್ನು ಬೋಲ್ಟಿಗೆ ಕೊಟ್ಟು,
ಕೆಂಪು ದೀಪಕ್ಕೆ ಹೋಗುವ ಸಣ್ಣ ತಂತಿಯ ಬುಡ ಹುಡುಕಿದೆ.
ಚಾರ್ಜು ಹತ್ತಿದಾಗ ಮಾತ್ರ ಅಲ್ಲಿ ಪೂರಾ ಜೀವ.
ಕಿವಿಯನ್ನು ಅಲ್ಲಿಗೆ ಕಟ್ಟಿದೆ. ಬ್ಯಾಟರಿಯ ಮಗ್ಗುಲಲ್ಲೇ
ಹದಿನೈದರ ಫ್ಯೂಸು. ಅಲ್ಲಿಂದಾಚೆ ಬೆರಳಗಲದ ಕೇಬಲ್ಲು.
"ಇಷ್ಟು ದಪ್ಪ ಯಾಕೆ?"
"ದಾರಿಯಲ್ಲೇ ಸೋರಿಹೋಗಬಾರದು."
"ಓಹೋ, ಸುಂಕದವರ ಕಾಟ," ಅಂದ.

ಫ್ರಿಜ್ಜಿನ ಹಿಂಬದಿಗೆ ಹೋಗಲು
ಅದನ್ನು ಬರಿದು ಮಾಡಬೇಕಾಯಿತು.
ನಿಂಬೆ ನಾಲ್ಕು. ಬಿಯರು ಎರಡು. ಗಾಳದ ಸೀಗಡಿ, ನಾತ.
ತಳದಲ್ಲಿ, ಬಟ್ಟೆ ಸುತ್ತಿದ ಗಾಜಿನ ಸೀಸೆ:
ಕಹಿ ಕಿತ್ತಳೆಯ ಸಿಪ್ಪೆ, ಸುರುಳಿ ಸುರುಳಿ,
ಕಂದು ಪಾಕದಲ್ಲಿ.
ಮುಚ್ಚಳದ ಮೇಲೆ ಸೆವಸ್ತಿ ಅತ್ತೆಯ ಅಕ್ಷರ: ಮಾರ್ಚ್.
ಆ ವರ್ಷದ ಮೇ ತಿಂಗಳು ಅವಳು ನೋಡಲಿಲ್ಲ.

ಸಕ್ಕರೆಯಲ್ಲಿ ಮುಳುಗಿದ್ದಕ್ಕೆ ಫ್ರಿಜ್ಜು ಬೇಡ.
ಕಪಾಟಿನ ಕತ್ತಲೆಯಲ್ಲಿ ವರ್ಷಗಟ್ಟಲೆ ಸುಮ್ಮನಿರುತ್ತದೆ.
ನಮ್ಮ ದ್ವೀಪದ ಮಕ್ಕಳಿಗೂ ಗೊತ್ತು.
ಮಾವನಿಗೆ ಗೊತ್ತಿಲ್ಲವೆ?
ಅವನು ನನ್ನ ಕೈಯನ್ನೇ ನೋಡುತ್ತಿದ್ದ,
ಕೂಸನ್ನು ಪರರ ತೋಳಿಗೆ ಕೊಟ್ಟವರು ನೋಡುವ ಹಾಗೆ.
ಸೀಸೆಯನ್ನು ನೆರಳಲ್ಲಿಟ್ಟು, ಬಟ್ಟೆ ಮತ್ತೆ ಹೊದಿಸಿ,
ಸ್ಕ್ರೂಡ್ರೈವರ್ ಕೇಳಿದೆ.

ಸಂಜೆ ಪಕ್ಕದ ದೋಣಿಯಿಂದ ಕರೆಂಟು ಕಡ ತಂದು
ಇಂಜಿನ್ನನ್ನು ಎಬ್ಬಿಸಿದೆವು.
ಡುಗ್. ಡುಗ್. ಆಮೇಲೆ ಒಂದೇ ಸಮ.
ಕೆಂಪು ದೀಪ ಆರಿತು,
ಅದೇ ಗಳಿಗೆಗೆ ಹಲಗೆಯ ಹಿಂದೆ ಟಿಕ್.
ಬೆಳಗಿನ ಟಿಕ್ ಅಲ್ಲ ಇದು.
ಫ್ರಿಜ್ಜು ಮೆಲ್ಲಗೆ ನಡುಗಿ ಗುನುಗತೊಡಗಿತು.
ಮೀಟರಿನಲ್ಲಿ ಹದಿಮೂರು ಮುಕ್ಕಾಲು.

"ಹಾಗಾದರೆ ರಾತ್ರಿ ತಣ್ಣಗಿರುವುದಿಲ್ಲ."
"ಬಾಗಿಲು ತೆಗೆಯದಿದ್ದರೆ ಬೆಳಗಿನವರೆಗೂ ಇರುತ್ತದೆ, ಮಾವ."
ನಾನು ಹೇಳಿದ್ದು ಸೀಗಡಿಯ ಮಾತು.
ಅವನು ನಿಧಾನಕ್ಕೆ ತಲೆಯಾಡಿಸಿದ.

ಕಡದ ತಂತಿ ಇನ್ನೂ ಬಿಚ್ಚಿರಲಿಲ್ಲ.
ಇಂಜಿನ್ನು ನಿಲ್ಲಿಸಿದ. ಟಿಕ್.
ಅಲೆ ಮಾತ್ರ ಕೇಳಿಸಿತು.
ಮತ್ತೆ ಶುರು ಮಾಡಿದ. ಟಿಕ್.
ಡೀಸೆಲಿನ ಹನಿಹನಿಗೂ ಲೆಕ್ಕ ಬರೆದಿಡುವ ಮನುಷ್ಯ
ಮೂರು ಸಲ ಹಾಗೆ ಮಾಡಿದ,
ಮೂರು ಸಲವೂ ಹಲಗೆಗೆ ಕಿವಿಯಿಟ್ಟು.