ಹಡಗಿನಿಂದ ಇಳಿದವರಿಗೆ

ನೀರಿಗೆ ಬಂದವರು ಊರಿಗೆ ಬಾರದಿರುತ್ತಾರೆಯೇ?
ಅರ್ಧ ಮಂದಿ ಬರುವುದಿಲ್ಲ. ಮೇಲೆಯೇ ಉಳಿದು
ಈಜುಕೊಳದಲ್ಲಿ ಕಾಲಾಡಿಸುತ್ತಾರೆ,
ಸುತ್ತ ಇಷ್ಟೊಂದು ಸಮುದ್ರ ಇಟ್ಟುಕೊಂಡು.
ನೀವು ಇಳಿದಿರಿ. ಸಂತೋಷ. ಆ ಬಾಗಿಲು
ಎರಡು ಸಲ ಎಳೆದರೆ ಹಾಕಿಕೊಳ್ಳುತ್ತದೆ.

ಮೊದಲು ಗಡಿಯಾರ. ಫೋನು ಟ್ಯುನಿಸ್‌ನ ಹೊತ್ತು ಹೇಳುತ್ತದೆ,
ಹಡಗು ತನ್ನದೇ ಹೊತ್ತು ಹೊತ್ತು ತಿರುಗುತ್ತದೆ.
ನಂಬಬೇಕಾದ್ದು ಹಡಗನ್ನು.
ಹೋದ ಏಪ್ರಿಲ್‌ನಲ್ಲಿ ಗಂಡಹೆಂಡಿರಿಬ್ಬರು ಓಡೋಡಿ ಬಂದರು,
ಕೈಯಲ್ಲಿ ಸಿದಿ ಬೂ ಸಯೀದ್‌ನಲ್ಲಿ ಕೊಂಡ
ಬಿಳಿ ತಂತಿಯ, ಹಕ್ಕಿಯಿಲ್ಲದ ಪಂಜರ.
ಹಗ್ಗ ಬಿಚ್ಚಿಯಾಗಿತ್ತು.
ಆ ರಾತ್ರಿ ನಮ್ಮಲ್ಲೇ ಉಂಡರು.
ಪಂಜರ ಇನ್ನೂ ಇದೆ. ವಸೀಲಾ
ಅದರಲ್ಲಿ ಬೆಳ್ಳುಳ್ಳಿ ಇಡುತ್ತಾಳೆ.

ಇದು ಮೀಟರು, ಕೆಂಪು ಅಂಕಿ.
ಇದರ ಮೇಲೆ ಟವೆಲು ಹೊದಿಸಿದವನ ಗಾಡಿ ಹತ್ತಬೇಡಿ,
ಅವನು ನನ್ನ ಷಡ್ಡಕನೇ ಆದರೂ.
ಷಡ್ಡಕನೇ. ಬೆಶೀರ್ ಅಂತ,
ಗೇಟಿನ ಬಳಿ ಎಲ್ಲರಿಗಿಂತ ಮೊದಲು ನಗುವವನು.
ದಿನಾರು ಬೇಕಾದಷ್ಟೇ ಮಾಡಿಸಿ,
ಉಳಿದದ್ದನ್ನು ದೇಶ ದಾಟಿ ಒಯ್ಯುವಂತಿಲ್ಲ.
ನಮ್ಮ ದುಡ್ಡಿಗೂ ಹೊರಗೆ ಹೋಗಲು ಅಪ್ಪಣೆ ಇಲ್ಲ.

ಮದೀನಾದ ಗಲ್ಲಿಯಲ್ಲಿ ಒಬ್ಬ ಅಡ್ಡ ಬರುತ್ತಾನೆ:
‘ಗುರುತು ಸಿಗಲಿಲ್ಲವೇ? ನಿಮ್ಮ ಹಡಗಿನ ಅಡುಗೆಯವ,
ಬೆಳಿಗ್ಗೆ ಮೊಟ್ಟೆ ಕೊಟ್ಟದ್ದು ನಾನೇ ಅಲ್ಲವೇ?’
ನಕ್ಕು ಮುಂದೆ ನಡೆಯಿರಿ, ಬೈಯಬೇಡಿ.
ಆ ಕೆಲಸಕ್ಕೆ ಅವನು ಮೂರು ಸಲ ಅರ್ಜಿ ಹಾಕಿದ್ದ.

ಜಮಖಾನೆ ಅಂಗಡಿಯಲ್ಲಿ ಚಹಾ ಕುಡಿಯಿರಿ,
ಒಂದು ಲೋಟದ ಪುದೀನಕ್ಕೆ ಯಾವ ಋಣವೂ ಇಲ್ಲ.
ಮೂಗಿಗಿಂತ ಮೂಗುತಿ ಭಾರ ಅನ್ನಿಸಿದರೆ ಏಳಿ.
ಆದರೆ ನಿಧಾನ ಏಳಿ, ಮಂಡಿನೋವಿನವರ ಹಾಗೆ,
ಏಳುವಷ್ಟರಲ್ಲಿ ಅರ್ಧ ಬೆಲೆ ಕೂತಿರುತ್ತದೆ.

ಕಾರ್ತೇಜಿನಲ್ಲಿ ಕಂಬ ಕಡಿಮೆ, ಬಿಸಿಲು ಜಾಸ್ತಿ. ಟೋಪಿ ಇದೆಯಲ್ಲ?
ರೋಮಿನ ನಾಣ್ಯ ಮಾರುವ ಹುಡುಗನಿಗಿಂತ
ನಾಣ್ಯಕ್ಕೇ ವಯಸ್ಸು ಕಡಿಮೆ.
ವಿನೆಗರಿನಲ್ಲಿ ನೆನೆಹಾಕಿ ಅದಕ್ಕೆ ಮುಪ್ಪು ಬರಿಸುವುದು
ಅವನಜ್ಜಿ, ನಮ್ಮ ಪಕ್ಕದ ಮನೆ.
ಒಂದು ಕೊಂಡರೆ ತಪ್ಪೇನಿಲ್ಲ. ಚೆನ್ನಾಗಿ ಮಾಡುತ್ತಾಳೆ.

ಗೋಡೆಯ ಮೇಲೆ ಒಣಗಿದ ರೊಟ್ಟಿ ತುಂಡು ಕಂಡರೆ
ಕಸವೆಂದು ಫೋಟೋ ತೆಗೆಯಬೇಡಿ.
ಬಿದ್ದದ್ದು ಕಾಲಿಗೆ ಸಿಗದಿರಲೆಂದು
ಯಾರೋ ಬಗ್ಗಿ ಎತ್ತಿಟ್ಟದ್ದು ಅದು.
ಹೆಂಗಸರ ಫೋಟೋ, ಕೇಳಿ ತೆಗೆಯಿರಿ.
ಬೆಕ್ಕುಗಳನ್ನು ಕೇಳಬೇಕಾಗಿಲ್ಲ.

ಈ ಊರಿನ ಹೆಸರಿಗೆ ಗಂಟಲು ಅಂತ ಅರ್ಥ.
ನಿಮ್ಮ ಹಡಗು ಬಂದು ನಿಂತ ದಿನ
ನಮ್ಮ ಬೀದಿಗೆ ಹತ್ತರವರೆಗೆ ಬೆಳಗಾಗುವುದಿಲ್ಲ,
ಮಾಳಿಗೆಯ ಬಟ್ಟೆ ಒಣಗುವುದಿಲ್ಲ.
ದೂರಲ್ಲ ಇದು. ಆಗಸ್ಟಿನಲ್ಲಿ
ಅದೇ ನೆರಳಿಗೆ ಚಾಪೆ ಹಾಸುತ್ತೇವೆ.

ನಾಳೆ ಎಲ್ಲಿ? ಪಲೆರ್ಮೊ. ಗೊತ್ತು,
ಬುಧವಾರದ ಹಡಗು ಯಾವಾಗಲೂ ಪಲೆರ್ಮೊ.
ವಸೀಲಾಳ ತಮ್ಮ ಅಲ್ಲಿದ್ದಾನೆ, ಲಸ್ಸಾದ್,
ಮೀನಿನ ಪೆಟ್ಟಿಗೆ ತೊಳೆಯುತ್ತಾನೆ.
ಅವನು ಹೋದದ್ದೂ ನಿಮ್ಮ ದಾರಿಯಲ್ಲೇ,
ರಾತ್ರಿ, ಹನ್ನೊಂದು ಜನ, ದೀಪವಿಲ್ಲದೆ.
ತಲುಪಿದ. ಹೆದರಬೇಡಿ, ತಲುಪಿದ.
ಕಾಗದವಿಲ್ಲ, ಅದಕ್ಕೇ ಬರಲಾರ.
ಆರು ವರ್ಷ.

ಕೊನೆಯ ಮಾತು, ಇದನ್ನು ಮರೆಯಬೇಡಿ:
ದಡದಲ್ಲಿ ಯಾರು ಏನೇ ಕೊಟ್ಟರೂ,
ಎಷ್ಟೇ ಬೇಡಿಕೊಂಡರೂ, ಅಪರಿಚಿತರ ಪೊಟ್ಟಣ
ಹಡಗಿಗೆ ಒಯ್ಯಬಾರದು.

ಇದೇ? ಇದು ಹರೀಸಾ. ಮನೆಯದು.
ಮುಚ್ಚಳದ ಸುತ್ತ ಎಣ್ಣೆ ಜಿನುಗದ ಹಾಗೆ ಬಟ್ಟೆ ಕಟ್ಟಿದ್ದಾಳೆ.
ಪ್ರತಿ ಬುಧವಾರ ಇಲ್ಲಿ, ಗಾಜಿನ ಮುಂದೆ ಇಡುತ್ತಾಳೆ,
ಪ್ರತಿ ಬುಧವಾರ ಸಂಜೆ ವಾಪಸು ಒಯ್ಯುತ್ತೇನೆ.
ಅವಳೂ ಕೇಳುವುದಿಲ್ಲ.

ಬಂತು ನೋಡಿ ಸ್ಟೇಷನ್ನು.
ಮೀಟರು ನೀವೇ ಓದಿ, ಚಿಲ್ಲರೆ ಇದ್ದರೆ ಒಳ್ಳೆಯದು.
ನಾಲ್ಕೂವರೆಗೆ ಇಲ್ಲೇ. ಯಾರ ನಾಲ್ಕೂವರೆ?
ಹಡಗಿನದು.