ಬೆನ್ನ ಮ್ಯಾಲಿನ ಊರು

ಹತ್ತರಗಿ ಟೋಲ್ ದಾಟಿ ಎರಡು ಫರ್ಲಾಂಗು,
ಬೇವಿನ ಗಿಡದ ಬುಡಕ್ಕ ನನ್ನ ಗ್ಯಾರೇಜು.
ಹ್ವಾದ ಮಾಗಿ, ರಾತ್ರಿ ಒಂದೂವರಿ.
ಹನ್ನೊಂದು ಕರೀ ಲಾರಿ ಸಾಲಾಗಿ ಹಾದು ಹ್ವಾದುವು,
ಹನ್ನೆರಡನೇದ್ದು ಕೆಮ್ಮಿ ಕೆಮ್ಮಿ ನನ್ನ ಮುಂದ ನಿಂತಿತು.

ಒಳಗೇನೈತಿ? ಅಂದೆ.
ಸಪ್ಪಳ, ಅಂದ ಡ್ರೈವರ್.
ಪುಣೆದಾಗ ನಿನ್ನೆ ಮುಗೀತು, ನಾಳೆ ಸಂಜಿಗೆ ಬೆಂಗಳೂರು,
ಐವತ್ತು ಸಾವಿರ ಮಂದಿ ಟಿಕೀಟು ತಗೊಂಡು ಕುಂತಾರ.

ಕ್ಯಾಬಿನ್ ಮುಂದಕ್ಕ ಬಗ್ಗಿಸಿ
ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ ಆನಿಸಿ
ಹಿಡಿಕಿ ಕಿವಿಗೆ ಇಟ್ಟುಗೊಂಡೆ.
ನಲವತ್ತು ವರ್ಷ ಹಿಂಗಽ ಕೇಳೀನಿ.
ಟ್ಯಾಪೆಟ್ ಸಡಿಲಾದ್ರ ಮುದುಕಿ ಕುಟ್ಟಾಣಿಯಾಗ ಎಲಿ ಕುಟ್ಟಿದಂಗ,
ಬೇರಿಂಗ್ ಹ್ವಾದ್ರ ಬೀಸುಕಲ್ಲಿನಾಗ ಜ್ವಾಳ ಮುಗದಂಗ.

ಲಾರಿಯಿಂದ ಒಬ್ಬಾಂವ ಇಳದ.
ಬಿಳೇ ಗಡ್ಡ, ಬೆನ್ನತನಕ ಜಡಿ, ಬರಿಗಾಲು.
ಇಂವಽ ಏನು ಹಾಡಾಂವ?
ಅಲ್ಲ, ಅವರು ವಿಮಾನದಾಗ ಹ್ವಾದ್ರು.
ಇಂವ ಅವರ ಗಿಟಾರಿನ ತಂತಿ ಬಿಗಿಯಾಂವ,
ಮೂವತ್ತೊಂದು ವರ್ಷ ಅದಽ ಕೆಲಸ,
ಪರದೇ ಹಿಂದ, ಕತ್ತಲಾಗ.
ಹಂಗಾದ್ರ ನಮ್ಮಾಂವ, ಅಂದೆ.

ಹಿಡಿಕಿ ಅವನ ಕಿವಿಗೆ ಕೊಟ್ಟೆ.
ಕಣ್ಣು ಮುಚ್ಚಿದ. ಭಾಳೊತ್ತು ಮುಚ್ಚಿದ.
ಆಮ್ಯಾಲ ಮೂರು ಬೆರಳು ಎತ್ತಿದ.
ಹೌದು, ಮೂರನೇ ಸಿಲಿಂಡರು.
ನನ್ನ ಹುಡುಗ ಗೈಬೂಗ ಅದು ತಿಳೀಲಿಕ್ಕೆ ಎರಡು ವರ್ಷ ಹಿಡದಿತ್ತು.

ಸಾಮಾನು ಸಂಕೇಶ್ವರದಿಂದ ಬರೂದು ಬೆಳಗಾಗಬೇಕು.
ಚಹಾ ಕುಡದ್ವಿ. ನುಶಿ ಕಡದ್ವು.
ಅವಗ ಸುಮ್ಮನ ಕುಂಡ್ರಾಕ ಬರಾಂಗಿಲ್ಲ,
ಪೆಟಗಿ ತಗದು ಗಿಟಾರ್ ತೊಡಿ ಮ್ಯಾಲ ಇಟ್ಟ.
ಕರೆಂಟಿಲ್ಲ, ಸ್ಪೀಕರಿಲ್ಲ, ಬರೇ ತಂತಿ.
ದಪ್ಪಂದು ಒಂದು ಮಿಡದ.

ಡಂಯ್.

ನಮ್ಮಪ್ಪ ಎದ್ದು ಬಂದ.

ಮಕ್ತುಮಸಾಬ ನದಾಫ,
ಹೆಗಲ ಮ್ಯಾಲ ಆಳೆತ್ತರ ಬಿಲ್ಲು, ಆಡಿನ ಕರಳಿನ ನರ ಬಿಗದದ್ದು,
ಕೈಯಾಗ ಹುಣಸೀ ಕಟಗೀ ಗುಂಡು.
ಥಂಡಿ ಬಿತ್ತಂದ್ರ ಹೊಂಟಽ ಬಿಡ್ತಿದ್ದ:
ಸೋಮಾರ ಹುಕ್ಕೇರಿ,
ಮಂಗಳಾರ ಬೆಲ್ಲದ ಬಾಗೇವಾಡಿ,
ಹಿಡಕಲ್ಲದಾಗ ಎರಡು ರಾತ್ರಿ,
ಪಾಶ್ಚಾಪುರ, ಅಂಕಲಗಿ, ಗೋಕಾಕ.
ಗೋಕಾಕದಾಗ ಮಂದಿ ಕೈ ಹಿಡದು
ಮತ್ತೊಂದಿನ ನಿಲ್ಲಿಸಿಕೊತಿದ್ರು.
ಕಲ್ಲಿನಂಗ ಗಟ್ಟಿಯಾದ ಗಾದಿ ಹೊತಗೊಂಡು ಅಂಗಳದಾಗ ಪಾಳಿ ಹಚ್ಚತಿದ್ರು.
ಒಂದಽ ತಂತಿ. ಡಂಯ್ ಡಂಯ್ ಡಡಂಯ್.
ಅರಳಿ ಹಾರಿ ಅವನ ಹುಬ್ಬು, ಮೀಸಿ, ರೆಪ್ಪಿ ಎಲ್ಲಾ ಬೆಳ್ಳಗ.
ಹುಡುಗೂರು ಸುತ್ತಲೂ ಕುಣೀತಿದ್ವು.
ಅದನ್ನ ಯಾರೂ ಹಾಡು ಅನ್ನಲಿಲ್ಲ.
ಅದರ ಮ್ಯಾಲ ನಿದ್ದಿ ಮಾಡಿದ್ರು, ಅಷ್ಟ.

ಆಮ್ಯಾಲ ಫೋಮು ಬಂತು. ಬಿಲ್ಲು ಗ್ವಾಡಿಗೆ ಏರಿತು.
ನಾ ಪಾನಾ ಹಿಡದೆ.

ಇದನ್ನೆಲ್ಲಾ ಅವಗ ಯಾವ ಭಾಷಾದಾಗ ಹೇಳ್ಲಿ?
ಇನ್ನೊಮ್ಮೆ, ಅಂತ ಕೈ ಮಾಡಿದೆ.
ಬಾರಿಸಿದ.
ಇನ್ನೊಮ್ಮೆ.

ಹೊತ್ತೇರೂದರಾಗ ಇಂಜಿನ್ನು ಸಾಪ್ ಹೇಳಿತು.
ಡ್ರೈವರ್ ಬಿಲ್ಲು ಕೇಳಿದ.
ನಾ ಗ್ವಾಡಿ ನೋಡಿದೆ.
ಎರಡು ಸಾವಿರದ ಮುನ್ನೂರಾತು, ಮುನ್ನೂರು ಚಿಲ್ಲರ ಇಲ್ಲಂದ.
ಜಡಿಯಾಂವ ತನ್ನ ಚೀಲದಾಗಿಂದ
ಒಂದು ಕರೇ ಅಂಗಿ ತಗದು ನನ್ನ ಹೆಗಲಿಗೆ ಹಾಕಿದ.

ಅದರ ಬೆನ್ನ ತುಂಬ ಊರು, ತಾರೀಖು.
ಗೈಬು ಒಂದೊಂದಾಗಿ ಓದಿದ,
ನಾಲಿಗಿ ಹೊಳ್ಳದ ಕಡೆ ಕೆಮ್ಮಿದ.
ನಲವತ್ತೊಂದು: ಪುಣೆ.
ನಲವತ್ತೆರಡು: ಬೆಂಗಳೂರು.
ನಮ್ಮೂರು? ಅಂದೆ.
ಎರಡರ ನಡುವ ಒಂದು ದಾರದೆಳಿ ಜಾಗಾ ಇತ್ತು.
ಇಲ್ಲಿ ಮಾಮಾ, ಅಂತ ಬೆರಳಿಟ್ಟ.
ಗ್ರೀಸಿನ ಬೆರಳು. ಕಲಿ ಇನ್ನೂ ಹೋಗಿಲ್ಲ.

ಈಗ ಅದನ್ನಽ ಹಾಕ್ಕೊಂಡು
ಲಾರಿ ತಳಗ ಅಂಗಾತ ಮಲಗತೀನಿ.
ದೊಡ್ಡ ದೊಡ್ಡ ಊರೆಲ್ಲಾ
ನನ್ನ ಬೆನ್ನ ತಳಗ,
ಹತ್ತರಗಿ ಮಣ್ಣಾಗ.